ಗುಮಾನಿ ಮೊದಲು ಯಾರ ಮೇಲೆ?

(ಮರಳವಾಡಿಯಲ್ಲಿ ಸೇರಿದ್ದ ಓದುಗರ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬಾಡಿಗೆ, ಅಕ್ಕಿಯ ಬೆಲೆ, ಗೂಡಿನ ದರ ಇವುಗಳ ಮೇಲೆ ಮಾತನಾಡಬೇಕಾದ ಜನ ಪತ್ತೇದಾರಿ ಕಾದಂಬರಿಯ ಮೇಲೆ ಮಾತನಾಡಹೊರಟರೆ ನಗುವವರು ಇದ್ದೇ ಇರುತ್ತಾರೆ. ನಗಲಿ. ಆದರೆ ಒಂದು ಮಾತನ್ನು ನಾವು ಮರೆಯತಕ್ಕದ್ದಲ್ಲ. ದುಡಿಯುವ ಜನರ ಕೈಗೆ ಕನ್ನಡ ಪುಸ್ತಕವನ್ನು ತಂದುಕೊಟ್ಟವರಲ್ಲಿ ಪತ್ತೇದಾರಿ ಕಾದಂಬರಿಕಾರರು ಮುಂದಿನ ಸಾಲಿನವರು. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಅರಿಯದ ಓದುಗ ಒಂದು ಕಾಲಕ್ಕೆ ಇರಲಿಲ್ಲ. ಕನ್ನಡದ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಪಾಳಿ ಮುಗಿಸಿ ಬಂದವನು, ಅಂಗಡಿಯ ಬಾಗಿಲು ಹಾಕಿ ಬಂದವನು, ದೀಪದ ಬೆಳಕಿನಲ್ಲಿ ಕೂತು ಕಡೆಯ ಪುಟದವರೆಗೂ ಓದಿದ ಪುಸ್ತಕಗಳು ಅವು. ಅಂತಹ ಪುಸ್ತಕಗಳನ್ನು ಹಗುರವಾಗಿ ಕಾಣುವುದು ಅವನ್ನು ಓದಿದ ಜನರನ್ನು ಹಗುರವಾಗಿ ಕಂಡಂತೆಯೇ ಸರಿ.

ಆದರೆ ಓದುವುದು ಬೇರೆ, ಅಭ್ಯಾಸ ಮಾಡುವುದು ಬೇರೆ. ಓದುವಾಗ ನಾವು ಕೊಲೆಗಾರ ಯಾರೆಂದು ಕೇಳುತ್ತೇವೆ. ಅಭ್ಯಾಸ ಮಾಡುವಾಗ ಅದಕ್ಕಿಂತ ಮೊದಲಿನ ಪ್ರಶ್ನೆಯೊಂದನ್ನು ಕೇಳಬೇಕು: ಈ ಪುಸ್ತಕದಲ್ಲಿ ಗುಮಾನಿ ಮೊದಲು ಯಾರ ಮೇಲೆ ಬಿತ್ತು? ಏಕೆ ಬಿತ್ತು? ಈ ಪ್ರಶ್ನೆಯನ್ನು ಹಿಡಿದುಕೊಂಡು ಎರಡು ಪುಸ್ತಕಗಳನ್ನು ನೋಡೋಣ. ಒಂದು ನಮ್ಮದೇ, ಮತ್ತೊಂದು ಬಹು ದೂರದ್ದು. ದೂರದ್ದನ್ನು ಮೊದಲು ತೆಗೆದುಕೊಳ್ಳೋಣ. ಅದನ್ನು ನೋಡಿ ಬಂದ ಮೇಲೆ ನಮ್ಮದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಪುಸ್ತಕದ ಹೆಸರು 'ಸ್ಕಿನ್‌ವಾಕರ್ಸ್'. ಬರೆದವರು ಅಮೆರಿಕದ ಟೋನಿ ಹಿಲ್ಲರ್‌ಮನ್. ಪ್ರಕಟವಾದದ್ದು 1986ರಲ್ಲಿ. ಹಿಲ್ಲರ್‌ಮನ್ 1925ರಲ್ಲಿ ಒಕ್ಲಹೋಮ ಪ್ರಾಂತದ ಒಂದು ಬಡ ಹಳ್ಳಿಯಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡವರು. ಆಮೇಲೆ ಪತ್ರಿಕೆಗಳಲ್ಲಿ ದುಡಿದವರು. 1970ರಿಂದ ಮೊದಲುಗೊಂಡು ನವಾಹೊ ಬುಡಕಟ್ಟಿನ ಇಬ್ಬರು ಪೊಲೀಸಿನವರನ್ನು ನಾಯಕರನ್ನಾಗಿಟ್ಟುಕೊಂಡು ಒಂದಾದ ಮೇಲೊಂದರಂತೆ ಕಾದಂಬರಿಗಳನ್ನು ಬರೆದರು. 2008ರಲ್ಲಿ ತೀರಿಕೊಂಡರು.

ನವಾಹೊ ಜನ ಯಾರು? ತಮ್ಮನ್ನು ತಾವು ಅವರು 'ದಿನೆ' ಎಂದು ಕರೆದುಕೊಳ್ಳುತ್ತಾರೆ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಎಂಬ ಮೂರು ಪ್ರಾಂತಗಳಲ್ಲಿ ಹರಡಿದ ಅವರ ಸೀಮೆ ಸುಮಾರು 70,000 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕುರಿ ಸಾಕುವುದು, ಉಣ್ಣೆ ನೇಯುವುದು, ಮೆಕ್ಕೆಜೋಳ ಬೆಳೆಯುವುದು ಅವರ ಹಳೆಯ ಬಾಳು. 1864ರಲ್ಲಿ ಅಮೆರಿಕದ ದಂಡು 8,000ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ, ನೂರಾರು ಮೈಲಿ ಕಾಲ್ನಡಿಗೆಯಲ್ಲಿ ಹೊಡೆದುಕೊಂಡು ಹೋಗಿ ಬಯಲಲ್ಲಿ ಕೂಡಿಹಾಕಿತು. ಹಸಿವಿನಿಂದಲೂ ರೋಗದಿಂದಲೂ ಬಹಳ ಜನ ಸತ್ತರು. ಉಳಿದವರು 1868ರ ಒಪ್ಪಂದದ ಮೇಲೆ ಊರಿಗೆ ಮರಳಿದರು. ಮತ್ತೆ 1930ರ ದಶಕದಲ್ಲಿ, ಮಣ್ಣು ಕೊಚ್ಚಿಹೋಗುತ್ತಿದೆ ಎಂಬ ಕಾರಣ ಹೇಳಿ ಸರ್ಕಾರವೇ ಅವರ ಕುರಿಮಂದೆಗಳನ್ನು ಬಲವಂತವಾಗಿ ಕಡಿತಮಾಡಿತು. ಕುರಿ ಹೋದ ಕುಟುಂಬ ಕೂಲಿಗೆ ಬಿತ್ತು. ಇಷ್ಟನ್ನು ತಿಳಿಯದೆ ಈ ಕಾದಂಬರಿಗಳನ್ನು ಓದಿದರೆ ಅವು ಬರಿಯ ಮಾಟಮಂತ್ರದ ಕಥೆಗಳಾಗಿ ಕಾಣುತ್ತವೆ.

ಇನ್ನು ಕಥೆ. ಗುಟ್ಟನ್ನು ನಾವು ಮೊದಲೇ ಬಿಟ್ಟುಕೊಡಬೇಕಾಗುತ್ತದೆ, ಅಭ್ಯಾಸಕ್ಕೆ ಬೇರೆ ದಾರಿಯಿಲ್ಲ.

ಜಿಮ್ ಚೀ ಎಂಬ ತರುಣ ಪೊಲೀಸಿನವನು ತಗಡಿನ ಗಾಡಿಮನೆಯಲ್ಲಿ ಮಲಗಿದ್ದಾಗ ಯಾರೋ ಹೊರಗಿನಿಂದ ಗುಂಡು ಹಾರಿಸುತ್ತಾರೆ. ಅವನು ಕೂದಲೆಳೆಯಲ್ಲಿ ಪಾರಾಗುತ್ತಾನೆ. ಇದಕ್ಕೆ ಮೊದಲು ಆ ಸೀಮೆಯಲ್ಲಿ ಮೂರು ಕೊಲೆಗಳಾಗಿವೆ, ಒಂದಕ್ಕೂ ಕಾರಣ ಹೊಳೆದಿಲ್ಲ. ಹಿರಿಯ ಅಧಿಕಾರಿ ಜೋ ಲೀಪ್‌ಹಾರ್ನ್ ತನ್ನ ಕಚೇರಿಯ ಗೋಡೆಯ ಮೇಲಿನ ನಕ್ಷೆಯಲ್ಲಿ ಗುಂಡುಸೂಜಿ ಚುಚ್ಚಿ ಚುಚ್ಚಿ ನೋಡುತ್ತಾನೆ. ಯಾವ ಲೆಕ್ಕಕ್ಕೂ ಅವು ಕೂಡಿಬರುವುದಿಲ್ಲ. ಕೂಡಿಬರುವುದು ಒಂದೇ ವಸ್ತು, ಮೂಳೆಯ ಒಂದು ಸಣ್ಣ ಮಣಿ. ಮಾಟಗಾರನು ಹೆಣದ ಮೂಳೆಯ ಚೂರನ್ನು ಮೈಯೊಳಕ್ಕೆ ಹೊಗಿಸಿ ರೋಗ ತರುತ್ತಾನೆ, ಆ ಮಾಟಗಾರ ಸತ್ತರೆ ರೋಗಿ ಬದುಕುತ್ತಾನೆ ಎಂಬುದು ಆ ಜನರ ಒಂದು ಹಳೆಯ ನಂಬಿಕೆ. ಪ್ರಾಣಿಯ ತೊಗಲು ಹೊದ್ದು ರಾತ್ರಿ ತಿರುಗುವ ಅಂತಹ ಮಾಟಗಾರನಿಗೇ ಸ್ಕಿನ್‌ವಾಕರ್ ಎಂದು ಹೆಸರು.

ಇಲ್ಲಿ ಗುಮಾನಿ ಯಾರ ಮೇಲೆ ಬೀಳುತ್ತದೆ? ಗುಡ್ಡದ ಆಚೆ ಒಂಟಿಯಾಗಿರುವ ಮುದುಕನ ಮೇಲೆ. ಮಂತ್ರ ಕಲಿಯುತ್ತಿರುವ ಪೊಲೀಸಿನವನ ಮೇಲೆಯೇ ಬೀಳುತ್ತದೆ. ಚೀ ತನ್ನ ಜನರ ಗುಣಪಡಿಸುವ ಹಾಡುಗಳನ್ನು ಕಲಿತು ವೈದ್ಯಗಾರನಾಗಬೇಕೆಂದು ಆಸೆಪಟ್ಟವನು. ಅವನನ್ನೇ ಮಾಟಗಾರನೆಂದು ನಂಬಿ ಗುಂಡು ಹಾರಿಸಿದವಳು ಬದುಕದ ರೋಗಕ್ಕೆ ತುತ್ತಾದ ಮಗುವಿನ ತಾಯಿ. ಆಕೆಗೆ ಅವನ ಮೇಲೆ ಯಾವ ಹಗೆಯೂ ಇರಲಿಲ್ಲ. ಮಗು ಉಳಿಯಲಿ ಎಂಬ ಆಸೆ ಒಂದೇ ಇತ್ತು. ಹಾಗಾದರೆ ಚೀಯ ಹೆಸರನ್ನು ಅವಳ ಕಿವಿಗೆ ಹಾಕಿದವರು ಯಾರು?

ಊರಿಗೆಲ್ಲ ಬೇಕಾದ ಒಬ್ಬ ಡಾಕ್ಟರು. ಹೆಸರು ಬಾಹೆ ಯೆಲ್ಲೊಹಾರ್ಸ್. ಅವನಿಗೊಂದು ಆಸ್ಪತ್ರೆಯುಂಟು, ಬುಡಕಟ್ಟಿನ ಸಭೆಯಲ್ಲಿ ಸದಸ್ಯತ್ವವುಂಟು. ಕಾಲೇಜಿನ ವೈದ್ಯವನ್ನೂ ಕಲಿತವನು, ಹರಳು ನೋಡಿ ಕಣಿ ಹೇಳಲೂ ಬಲ್ಲವನು. ಸತ್ತವರ ಹೆಸರಿನಲ್ಲೂ, ವಾಸಿಯಾಗಿ ಹೋದವರ ಹೆಸರಿನಲ್ಲೂ ಚಿಕಿತ್ಸೆ ನಡೆಯುತ್ತಿದೆಯೆಂದು ಬರೆದು ಸರ್ಕಾರದಿಂದಲೂ ವಿಮೆಯವರಿಂದಲೂ ಹಣ ಎತ್ತುತ್ತಿದ್ದ. ಸಮಾಜ ಕಲ್ಯಾಣದ ನೌಕರಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಕೆಲವು ಹೆಸರುಗಳ ಪಟ್ಟಿ ಹಿಡಿದುಕೊಂಡು, ಇವರು ಸತ್ತ ತಾರೀಖು ಯಾವುದು ಎಂದು ಕಚೇರಿ ಕಚೇರಿಗೆ ಕೇಳುತ್ತ ಹೋದಳು. ಅವಳು ಕೊಲೆಯಾದಳು. ತನಗೆ ಅಡ್ಡಬಂದವರ ಮೇಲೆ ಡಾಕ್ಟರು ರೋಗಿಗಳ ಭಯವನ್ನೇ ತಿರುಗಿಸಿದ. 'ನಿನ್ನ ರೋಗಕ್ಕೆ ಇಂಥವನ ಮಾಟವೇ ಕಾರಣ' ಎಂದು ರೋಗಿಯ ಕಿವಿಯಲ್ಲಿ ಒಂದು ಮಾತು ಹೇಳಿದ. ಆ ಮಣಿಯನ್ನು ಪರೀಕ್ಷೆಗೆ ಕಳುಹಿಸಿದಾಗ ಅದು ಮನುಷ್ಯರ ಮೂಳೆಯದಲ್ಲ, ದನದ ಮೂಳೆಯದೆಂದು ಗೊತ್ತಾಗುತ್ತದೆ. ಮಾಟವೂ ಕಲಬೆರಕೆಯದು!

ಈ ಸಭೆಯಲ್ಲಿ ಗಿರಣಿಯಲ್ಲಿ ದುಡಿಯುವವರಿದ್ದೀರಿ. ಹಾಜರಿ ಪುಸ್ತಕದಲ್ಲಿ ಇಲ್ಲದ ಆಳಿನ ಹೆಸರು ಬರೆದು ಕೂಲಿ ಎತ್ತುವುದೆಂದರೇನೆಂದು ನಿಮಗೆ ವಿವರಿಸಬೇಕಾಗಿಲ್ಲ. ಅಂಗಡಿ ಇಟ್ಟವರಿದ್ದೀರಿ. ಉದ್ರಿ ಪುಸ್ತಕದಲ್ಲಿ ಸುಳ್ಳು ಬರಹ ಬಿದ್ದರೆ ಅದು ಒಂದಲ್ಲ ಒಂದು ದಿನ ಹೇಗೆ ಹೊರಬೀಳುತ್ತದೆಂದು ಬಲ್ಲಿರಿ. ನಾಲ್ಕು ಕೊಲೆಗಳ, ಮಾಟದ, ಮೂಳೆಯ ಮಣಿಯ ಈ ಕಥೆಯ ತಳದಲ್ಲಿರುವುದು ಒಂದು ಸುಳ್ಳು ಲೆಕ್ಕದ ಪುಸ್ತಕ. ಊರೆಲ್ಲ ಕತ್ತಲೆಯ ಕಡೆಗೆ ನೋಡುತ್ತಿರುವಾಗ ಕಳ್ಳತನ ನಡೆದದ್ದು ದೀಪ ಹಚ್ಚಿದ ಕಚೇರಿಯಲ್ಲಿ. ಡಾಕ್ಟರನಿಗೂ ಒಂದು ಸಮರ್ಥನೆ ಇದ್ದಿತು. ಹಣವನ್ನು ಆಸ್ಪತ್ರೆ ನಡೆಸಲೆಂದೇ ಬಳಸಿದೆ, ಬಡವರ ಜೀವ ಉಳಿಸಿದೆ ಎನ್ನುತ್ತಾನೆ. ಉಳಿಸಿಯೂ ಇರಬಹುದು. ಆದರೆ ಯಾವ ಬಡವರ ಹೆಸರಿನಲ್ಲಿ ಕೆಲಸ ನಡೆಯಿತೋ ಅವರ ಭಯವನ್ನೇ ಕತ್ತಿಯಾಗಿ ಮಾಡಿಕೊಂಡವನನ್ನು ಉಪಕಾರಿಯೆನ್ನಲಾಗದು. ಕಡೆಗೆ ಆ ತಾಯಿಯ ದುಃಖವೇ ಅವನ ಕಡೆಗೆ ತಿರುಗುತ್ತದೆ.

ಈಗ ಈ ಪುಸ್ತಕದಿಂದ ಕಲಿಯತಕ್ಕ ಎರಡು ಪಾಠಗಳನ್ನು ಹೇಳುತ್ತೇವೆ.

ಮೊದಲನೆಯದು, ಒಂದು ಜನಾಂಗದ ದಿನನಿತ್ಯದ ಬಾಳು ಗೊತ್ತಿಲ್ಲದವನಿಗೆ ಅಲ್ಲಿಯ ಅಪರಾಧವೂ ಗೊತ್ತಾಗುವುದಿಲ್ಲ. ಹಿಲ್ಲರ್‌ಮನ್ನರ ಪೊಲೀಸಿನವರು ನವಾಹೊ ಮನೆಯ ಮುಂದೆ ಬಂದೊಡನೆ ಬಾಗಿಲು ತಟ್ಟುವುದಿಲ್ಲ. ಗಾಡಿಯಲ್ಲೇ ಕೂತು, ಮನೆಯವರು ತಾವಾಗಿ ಹೊರಗೆ ಬರುವವರೆಗೆ ಕಾಯುತ್ತಾರೆ. ಅದು ಅಲ್ಲಿಯ ಮರ್ಯಾದೆ. ಒಂದು ಗುಡಿಸಿಲಿನ ಉತ್ತರದ ಗೋಡೆಗೆ ಕಿಂಡಿ ಒಡೆದಿದ್ದರೆ ಒಳಗೊಂದು ಸಾವಾಗಿದೆ, ಮನೆಯನ್ನು ಬಿಟ್ಟಿದ್ದಾರೆ ಎಂದು ಅವರು ನೋಡಿದೊಡನೆ ತಿಳಿಯುತ್ತಾರೆ. ಸತ್ತವನ ಹೆಸರನ್ನು ಬಾಯಲ್ಲಿ ತರಲು ಮುದುಕಿಯೊಬ್ಬಳು ಹಿಂಜರಿದರೆ, ಏನನ್ನೋ ಮುಚ್ಚಿಡುತ್ತಿದ್ದಾಳೆಂದು ಹೊರಗಿನ ಅಧಿಕಾರಿ ಬರೆದುಕೊಳ್ಳುತ್ತಾನೆ. ಒಳಗಿನವನು ಬರೆದುಕೊಳ್ಳುವುದಿಲ್ಲ. ಹೆಸರು ಹೇಳದಿರುವುದೇ ಅಲ್ಲಿಯ ವಾಡಿಕೆ ಎಂಬುದು ಅವನಿಗೆ ಗೊತ್ತು.

ಇದನ್ನು ನಮ್ಮ ಸೀಮೆಗೆ ಹಚ್ಚಿ ನೋಡಿ. ನಮ್ಮ ರೇಷ್ಮೆ ಬೆಳೆಗಾರನ ಹುಳುಮನೆಗೆ ಹೊರಗಿನವರನ್ನು ಸುಮ್ಮನೆ ಬಿಡುವುದಿಲ್ಲ. ಕಾಲು ತೊಳೆಯದೆ ಹೊಸಿಲು ದಾಟಗೊಡಿಸುವುದಿಲ್ಲ. ಹುಳುವಿಗೆ ರೋಗ ತಗಲಿದರೆ ವಾರಗಳ ದುಡಿಮೆ ಒಂದೇ ದಿನದಲ್ಲಿ ಮಣ್ಣುಪಾಲು. ಹುಳು ಹಣ್ಣಾಗುವ ಹೊತ್ತಿಗೆ ಮನೆಯವರೆಲ್ಲ ರಾತ್ರಿಯೂ ಎದ್ದಿರುತ್ತಾರೆ, ದೀಪ ಉರಿಯುತ್ತಿರುತ್ತದೆ. ಇದೊಂದನ್ನೂ ಅರಿಯದ ಅಧಿಕಾರಿ ಇಲ್ಲಿಗೆ ಬಂದು, ಇವರು ಬಾಗಿಲು ತೆಗೆಯುವುದಿಲ್ಲ, ರಾತ್ರಿಯೆಲ್ಲ ಏನೋ ಮಾಡುತ್ತಾರೆ ಎಂದು ವರದಿ ಬರೆದರೆ ಹೇಗಿದ್ದೀತು? ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ಒಳಗಿನದನ್ನು ಹೇಳುವ ರೀಲರು ನಮ್ಮಲ್ಲಿದ್ದಾರೆ. ಅದೂ ಪತ್ತೇದಾರಿಕೆಯೇ. ಅದಕ್ಕೆ ಬೇಕಾದದ್ದು ಹತ್ತಾರು ವರ್ಷ ಆ ವಸ್ತುವಿನೊಂದಿಗೆ ಬಾಳಿದ ಕೈ.

ಎರಡನೆಯ ಪಾಠ. ಲೀಪ್‌ಹಾರ್ನ್ ಮಾಟವನ್ನು ನಂಬುವವನಲ್ಲ. ಆದರೆ ನಂಬುವವರನ್ನು ಅವನು ಹೀಯಾಳಿಸುವುದಿಲ್ಲ. ಮಾಟ ಸುಳ್ಳು, ಆದರೆ ಮಾಟದ ಭಯ ನಿಜ, ಆ ಭಯದಿಂದ ಆಗುವ ಕೊಲೆಯೂ ನಿಜ ಎಂಬುದು ಅವನ ಅನುಭವ. ಆದ್ದರಿಂದ ಅವನು ಕೇಳುವ ಪ್ರಶ್ನೆ, ಈ ಭಯದಿಂದ ಲಾಭ ಯಾರಿಗೆ? ನಮ್ಮಲ್ಲಿಯೂ ಇದೇ ಪ್ರಶ್ನೆಯ ಹಾದಿಯಲ್ಲಿ ನಡೆದವರುಂಟು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಮಾಟ, ಭಾನಾಮತಿಯ ಹೆಸರಿನಲ್ಲಿ ನಡೆಯುವ ಅಮಾನುಷ ಕೃತ್ಯಗಳನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾನೂನಾಯಿತು. ಕಾನೂನು ಬೇಕು. ಆದರೆ ನಂಬುವವನನ್ನು ದಡ್ಡನೆಂದು ಜರೆದು ಸುಮ್ಮನಾದರೆ, ಅವನನ್ನು ಬಳಸಿಕೊಂಡವನು ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಾನೆ.

ಹಿಲ್ಲರ್‌ಮನ್ನರ ಮೇಲೂ ಆಕ್ಷೇಪಣೆಗಳುಂಟು. ಅವರು ನವಾಹೊ ಅಲ್ಲ, ಬಿಳಿಯ ಜನಾಂಗದವರು. ಮಾಟದಂತಹ, ಬಾಯಲ್ಲಿ ಆಡಬಾರದ ವಿಷಯವನ್ನು ಬೀದಿಗೆ ತಂದರೆಂದೂ, ನಮ್ಮ ಬಾಳನ್ನು ಬರೆದು ಹೆಸರನ್ನೂ ಹಣವನ್ನೂ ಹೊರಗಿನವನು ಪಡೆದನೆಂದೂ ಆ ಜನರಲ್ಲಿ ಕೆಲವರು ಹೇಳಿದ್ದಾರೆ. ಇನ್ನೊಂದು ಕಡೆ, ಬುಡಕಟ್ಟಿನ ಆಡಳಿತ ಸಭೆಯೇ 1987ರಲ್ಲಿ ಅವರನ್ನು ತನ್ನ ಜನರ ವಿಶೇಷ ಮಿತ್ರನೆಂದು ಗೌರವಿಸಿತು. ಎರಡೂ ನಿಜ. ಹೊರಗಿನವನು ಎಷ್ಟೇ ಪ್ರೀತಿಯಿಂದ ಬರೆದರೂ ಒಳಗಿನವರು ತಾವೇ ಬರೆಯಬೇಕಾದ ಕೆಲಸ ಉಳಿದೇ ಇರುತ್ತದೆ.

ಇನ್ನು ನಮ್ಮ ಪುಸ್ತಕಕ್ಕೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' 1985ರಲ್ಲಿ ಹೊರಬಂತು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಇದನ್ನು ಪತ್ತೇದಾರಿ ಕಾದಂಬರಿಯೆಂದು ಯಾರೂ ಅಂಗಡಿಯಲ್ಲಿ ಇಟ್ಟು ಮಾರಲಿಲ್ಲ. ಆದರೂ ಅದರ ಅಸ್ಥಿಪಂಜರ ಪತ್ತೇದಾರಿಕೆಯದೇ. ಮಲೆನಾಡಿನ ಕೆಸರೂರೆಂಬ ಪೇಟೆ. ಅಲ್ಲಿಗೆ ಅಂಗಾಡಿ ಎಂಬ ಗುಪ್ತಚರ ಅಧಿಕಾರಿ ಬರುತ್ತಾನೆ. ಏಲಕ್ಕಿ ಬೆಳೆ ಏಕೆ ಇಳಿಯುತ್ತಿದೆ, ಏಲಕ್ಕಿಯ ಸಂಶೋಧನೆಯಲ್ಲಿದ್ದ ಜೋಗಿಹಾಳರ ಸಾವು ಹೇಗಾಯಿತು, ಇವೇ ಅವನ ಮುಂದಿರುವ ಪ್ರಶ್ನೆಗಳು.

ಒಬ್ಬ ಸತ್ತದ್ದಕ್ಕೆ ಕೊಲೆಗಾರನನ್ನು ಹುಡುಕಬಹುದು. ಒಂದು ಬೆಳೆ ಸತ್ತರೆ? ಇದು ತೇಜಸ್ವಿಯವರು ಎತ್ತಿದ ಹೊಸ ಪ್ರಶ್ನೆ. ಅಂಗಾಡಿ ಸುಳಿವು ಹಿಡಿದು ಹೊರಟಂತೆಲ್ಲ ದಾರಿ ಕಾಡಿಗೆ ಹೋಗುತ್ತದೆ, ಸಾಹುಕಾರರ ಮನೆಗೆ ಹೋಗುತ್ತದೆ, ಕಾಲೇಜು ಹುಡುಗರ ಕ್ರಾಂತಿಯ ಮಾತಿಗೆ ಹೋಗುತ್ತದೆ, ಜಾತಿಗೆ, ಮತಕ್ಕೆ ಹೋಗುತ್ತದೆ. ರಫಿ ಎಂಬ ಹುಡುಗ, ಜಯಂತಿ ಎಂಬ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಊರಿನ ಬಾಯಿಗೆ ಅಷ್ಟು ಸಾಕು. ಬೆಳೆ ಹೋದದ್ದೇಕೆಂದು ಕೇಳದ ಊರು, ಯಾರು ಯಾರೊಂದಿಗೆ ಮಾತನಾಡಿದರೆಂದು ಕೇಳುತ್ತದೆ. ಇತ್ತ ಲಂಟಾನ ಪೊದೆ ಸುತ್ತಲೂ ಸದ್ದಿಲ್ಲದೆ ಹಬ್ಬಿ ಒಣಗುತ್ತಿರುತ್ತದೆ. ಕಡೆಗೆ ಹತ್ತಿಕೊಂಡ ಬೆಂಕಿಯಲ್ಲಿ ಊರೇ ಸಿಕ್ಕಿಬೀಳುತ್ತದೆ.

ನವಾಹೊ ಕಾದಂಬರಿಯಲ್ಲಿ ಲೆಕ್ಕ ತಾಳೆಯಾಗುತ್ತದೆ, ತಪ್ಪಿತಸ್ಥ ಸಿಗುತ್ತಾನೆ. ಅಲ್ಲಿಯ ಪೊಲೀಸಿನವನು ಆ ಜನರಲ್ಲೊಬ್ಬ. ಎಲ್ಲವೂ ಹದವಾಗಿ ಹೊಂದಿಕೊಂಡಿರುವ ಸ್ಥಿತಿಗೆ ಅವರು 'ಹೊಝೊ' ಎನ್ನುತ್ತಾರೆ. ಕೆಟ್ಟ ಹದವನ್ನು ಮತ್ತೆ ಸರಿಪಡಿಸುವುದೇ ಚೀಗೆ ಪೊಲೀಸು ಕೆಲಸ. ಕೆಸರೂರಿನಲ್ಲಿ ಹಾಗಾಗುವುದಿಲ್ಲ. ಅಂಗಾಡಿ ಹೊರಗಿನಿಂದ ಬಂದವನು. ಊರಿನ ಜನರೋ ತಮ್ಮ ಊರನ್ನು ತಾವೇ ವಿಚಾರಿಸಿ ನೋಡಿದವರಲ್ಲ. ಹೀಗಾಗಿ ರಹಸ್ಯ ಬಿಚ್ಚುವ ಮೊದಲೇ ಊರು ಸುಟ್ಟಿತು. ಗುಮಾನಿಗೆ ಪುರಸತ್ತಿದ್ದು ವಿಚಾರಣೆಗೆ ಪುರಸತ್ತಿಲ್ಲದ ಊರಿಗೆ ಒದಗುವ ಗತಿ ಇದು.

ಇದೆಲ್ಲ ಕಥೆಯ ಮಾತು ಎನ್ನುವಿರಾ? ಕಥೆಯಲ್ಲದ್ದನ್ನೂ ಹೇಳುತ್ತೇವೆ. 1871ರಲ್ಲಿ ಬ್ರಿಟಿಷರು ಒಂದು ಕಾನೂನು ತಂದರು. ಅದರಂತೆ ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು. ಠಾಣೆಗೆ ಹೋಗಿ ಹೆಸರು ಬರೆಸಬೇಕು, ಹಾಜರಿ ಕೊಡಬೇಕು. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ ಅದು ಪೂರ್ತಿಯಾಗಿ ರದ್ದಾಯಿತು. ಕಾಗದದ ಮೇಲಿನ ಕಾನೂನು ಹೋಯಿತು, ಮನಸ್ಸಿನೊಳಗಿನದು ಹೋಯಿತೆ? ಊರಲ್ಲಿ ಒಂದು ಕುರಿ ಕಾಣೆಯಾದರೆ, ಒಂದು ಪಂಪುಸೆಟ್ಟಿನ ತಂತಿ ಹೋದರೆ, ಮೊದಲು ಯಾರ ಗುಡಿಸಿಲಿನ ಕಡೆ ಕೈ ತೋರಿಸುತ್ತೇವೆ? ಕನಕಪುರ, ರಾಮನಗರ, ಮಾಗಡಿಯ ಕಾಡಂಚಿನಲ್ಲಿ ಇರುಳಿಗರಿದ್ದಾರೆ. ಜೇನು ಬಲ್ಲವರು, ಗೆಡ್ಡೆ ಬಲ್ಲವರು, ಕಾಡಿನ ಹೆಜ್ಜೆಗುರುತು ಓದಬಲ್ಲವರು. ಅವರ ಹುಡುಗನೊಬ್ಬ ಪೊಲೀಸು ಅಧಿಕಾರಿಯಾಗಿ ಈ ಹೋಬಳಿಗೆ ಬಂದು ಒಂದು ಕೊಲೆಯನ್ನು ಪತ್ತೆಮಾಡುವ ಕಾದಂಬರಿ ಬರೆದರೆ ಹೇಗಿದ್ದೀತೆಂದು ಯೋಚಿಸಿ. ನಾವು ದಿನವೂ ನೋಡಿಯೂ ನೋಡದ ಎಷ್ಟೊಂದನ್ನು ಅವನು ನೋಡಿಯಾನು! ನಮ್ಮ ಬಗ್ಗೆಯೂ ಅವನ ಪುಸ್ತಕದಲ್ಲಿ ಒಂದೆರಡು ಪುಟಗಳಿದ್ದಾವು.

ಇನ್ನೂ ಹತ್ತಿರದ್ದೊಂದು. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಮಾನಿಪಟ್ಟು ಜನ ಕೈಕಟ್ಟಿ ಹೊಡೆದು ಕೊಂದರು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದವರನ್ನು ಜನ ಅಡ್ಡಗಟ್ಟಿದರು. ಅವರ ತಪ್ಪು, ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು. ಫೋನಿನಲ್ಲಿ ಸುದ್ದಿ ಅವರಿಗಿಂತ ಮುಂದಾಗಿ ಓಡಿತ್ತು. ಒಬ್ಬ ಇಂಜಿನಿಯರು ಅಲ್ಲಿಯೇ ಪ್ರಾಣ ಬಿಟ್ಟ. ಹೊಡೆದವರು ವೃತ್ತಿಯ ಕೊಲೆಗಡುಕರಾಗಿರಲಿಲ್ಲ. ಮಕ್ಕಳ ಮೇಲಿನ ಪ್ರೀತಿಯ ಹೆಸರಿನಲ್ಲೇ ಹೊಡೆದರು. ನವಾಹೊ ಸೀಮೆಯ ಆ ತಾಯಿಗೂ ಇವರಿಗೂ ಏನು ಅಂತರ? ಅವಳ ಕಿವಿಗೆ ಒಬ್ಬ ಡಾಕ್ಟರು ಹೆಸರು ಹಾಕಿದ, ಇವರ ಕಿವಿಗೆ ಹಾಕಿದವನು ಯಾರೆಂಬುದೇ ತಿಳಿಯದು.

ನೀವು ಪಾಳಿಯಲ್ಲಿ ದುಡಿಯುವಾಗ ಪಕ್ಕದಲ್ಲಿ ಬಿಹಾರದ ಹುಡುಗ ನಿಂತಿರಬಹುದು. ಸಂತೆಯ ದಿನ ನಿಮ್ಮ ಅಂಗಡಿಯ ಎದುರಿಗೆ ಹೆಸರರಿಯದ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿರಬಹುದು. ಇವರು ನಮಗೆ ಗೊತ್ತಿಲ್ಲದವರು, ಅಷ್ಟೆ. ಗೊತ್ತಿಲ್ಲದವರೆಲ್ಲ ಕಳ್ಳರಲ್ಲ, ಗೊತ್ತಿರುವವರೆಲ್ಲ ಸಾಧುಗಳೂ ಅಲ್ಲ. ಊರಿಗೆ ಹೊಸಬನಾದವನ ಮೇಲೆ ಕೂಗೆದ್ದಾಗ, ಮಾತನ್ನು ಮುಂದಕ್ಕೆ ಸಾಗಿಸುವ ಮೊದಲು ಒಂದು ಗಳಿಗೆ ನಿಂತು ಕೇಳುವವನೊಬ್ಬ ಇದ್ದರೆ ಒಂದು ಪ್ರಾಣ ಉಳಿದೀತು. ಪತ್ತೇದಾರಿ ಕಾದಂಬರಿ ಓದಿದವನಿಗೆ ಅಷ್ಟಾದರೂ ಬರಬೇಡವೆ?

ಆದ್ದರಿಂದ ಈ ಕೂಟದವರಿಗೆ ನಮ್ಮದೊಂದು ಸೂಚನೆ. ಮುಂದೆ ಯಾವ ಪತ್ತೇದಾರಿ ಪುಸ್ತಕ ಹಿಡಿದರೂ, ಅದು ನರಸಿಂಹಯ್ಯನವರದಿರಲಿ, ತೇಜಸ್ವಿಯವರದಿರಲಿ, ಪರದೇಶದ್ದಿರಲಿ, ಒಂದು ಹಾಳೆಯ ಮೇಲೆ ನಾಲ್ಕು ಮಾತು ಗುರುತುಮಾಡಿಕೊಳ್ಳಿ. ಗುಮಾನಿ ಮೊದಲು ಯಾರ ಮೇಲೆ ಬಿತ್ತು? ಅದಕ್ಕೆ ಕಣ್ಣಾರೆ ಕಂಡ ಪುರಾವೆ ಏನಿತ್ತು? ಆ ಗುಮಾನಿಯಿಂದ ಯಾರಿಗೆ ಅನುಕೂಲವಾಯಿತು? ಅಲ್ಲಿಯ ಜನರ ದಿನನಿತ್ಯದ ಬಾಳನ್ನು ಬಲ್ಲವರನ್ನು ಯಾರಾದರೂ ಕೇಳಿದರೆ? ಪುಸ್ತಕ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಹಾಳೆಗಳನ್ನು ತಂದು ಕೂಡಿ ನೋಡಿ. ನಾಲ್ಕಾರು ಪುಸ್ತಕಗಳಾಗುವ ಹೊತ್ತಿಗೆ ಈ ಪ್ರಶ್ನೆಗಳು ತಾವಾಗಿ ನಾಲಗೆಗೆ ಬರುತ್ತವೆ. ಆಮೇಲೆ ಗಿರಣಿಯಲ್ಲಿ ಕಳವಾಯಿತೆಂಬ ಮಾತೆದ್ದಾಗ, ಸಂತೆಯಲ್ಲಿ ಕೂಗೆದ್ದಾಗ, ಫೋನಿಗೆ ಹೆಸರಿಲ್ಲದ ಸುದ್ದಿ ಬಂದಾಗ, ಅವೇ ನಾಲ್ಕು ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ.

ಪತ್ತೇದಾರನೆಂದರೆ ಎಲ್ಲರನ್ನೂ ಸಂಶಯಪಡುವವನಲ್ಲ. ತನ್ನ ಸಂಶಯವನ್ನೇ ಮೊದಲು ಪರೀಕ್ಷೆ ಮಾಡುವವನು. ಅಂತಹ ಪತ್ತೇದಾರರು ಊರಿಗೆ ಹತ್ತು ಮಂದಿಯಾದರೂ ಇರಬೇಕು. ಅದಕ್ಕೆ ಟೋಪಿಯೂ ಬೇಡ, ಪಿಸ್ತೂಲೂ ಬೇಡ. ಓದು ಬೇಕು, ಲೆಕ್ಕ ನೋಡುವ ಕಣ್ಣು ಬೇಕು, ನೆರೆಯವನ ಬಾಳು ತಿಳಿಯುವ ಮನಸ್ಸು ಬೇಕು.